ಹೆಬ್ಬೆರಳಿನ ಕೆಂಪು ಸುತ್ತು

ಬಾಗಿಲು ಬಡಿದ ಸದ್ದಿಗೆ ಹಿಲ್ಯಾ ಎದ್ದು ಕುಳಿತಳು.

ರಾತ್ರಿಯೇನೋ ಹೌದು, ಆದರೆ ದೂರದ ಉತ್ತರ ಸೀಮೆಯ ಜೂನ್ ತಿಂಗಳ ರಾತ್ರಿ. ಸೂರ್ಯ ಮುಳುಗುವ ಶಾಸ್ತ್ರ ಮುಗಿಸಿ ಆಗಲೇ ಮತ್ತೆ ಎದ್ದಿದ್ದ. ಕಿಟಕಿಯ ಪರದೆಯಂಚಿನಿಂದ ತೂರಿದ ಬೆಳಕು ಸಾಲಾಗಿ ಮಲಗಿದ್ದ ಮಕ್ಕಳ ಕಾಲುಗಳ ಮೇಲೆ ಹಳದಿ ಗೆರೆ ಎಳೆದಿತ್ತು. ಕತ್ತಲೆಯಲ್ಲಾದರೆ ಯಾರು ಬೇಕಾದರೂ ಬಂದು ಬಾಗಿಲು ತಟ್ಟಬಹುದು. ಈ ಬೆಳಕಿನಲ್ಲಿ, ಹಾಪಸಾಲ್ಮಿ ಹಳ್ಳಿಯ ಅಷ್ಟೂ ಕಿಟಕಿಗಳ ಮುಂದೆ ಹಾದುಬಂದು ತಟ್ಟಬೇಕೆಂದರೆ ಬಂದವರ ಬಳಿ ಸಾವಿನ ಸುದ್ದಿಯಿರಬೇಕು, ಇಲ್ಲವೇ ಅವರು ನಾಚಿಕೆಯನ್ನು ಪೂರ್ತಿ ಬಿಟ್ಟಿರಬೇಕು.

ಗಂಡ ಉರ್ಹೊ ಸರೋವರಕ್ಕೆ ಬಲೆ ಎತ್ತಲು ಹೋಗಿದ್ದ. ಹಿಲ್ಯಾ ಶಾಲು ಹೊದ್ದು ತಾನೇ ಹೋಗಿ ಅಗುಳಿ ತೆಗೆದಳು.

ಹೊಸ್ತಿಲಾಚೆ ತಂಗಿ ಇಂಕೆರಿ ನಿಂತಿದ್ದಳು. ಬೂದು ಬಣ್ಣದ ಕೋಟು, ಕೈಯಲ್ಲೊಂದು ಸಣ್ಣ ಪೆಟ್ಟಿಗೆ, ಎರಡೂ ಕಿವಿಗಳಲ್ಲಿ ಮಿಣುಕುವ ಬೆಳ್ಳಿಯ ಚುಕ್ಕಿಗಳು. ಬಾಗಿಲಲ್ಲಿ ಮೊದಲು ಆಡಬೇಕಾದ ಮಾತಿಗಾಗಿ ಹಿಲ್ಯಾ ಅಭ್ಯಾಸಬಲದಿಂದ ಕಾದಳು. ಆ ಮಾತು ಬರಲಿಲ್ಲ. ಇಂಕೆರಿ ಕೋಟಿನ ಜೇಬಿನಿಂದ ಒಂದು ಜೊತೆ ಉಣ್ಣೆಯ ಕೈಗವಸು ತೆಗೆದು ಅಕ್ಕನ ಎದೆಗೆ ಒತ್ತಿದಳು.

"ಇದನ್ನ ಕಳಿಸಿದ್ದು ನೀನಾ?"

ಬಿಳಿಯ ಮೇಲೆ ಕಪ್ಪು ಎಂಟೆಸಳಿನ ನಕ್ಷತ್ರ. ಅದು ಆ ಸೀಮೆಯ ಹೆಂಗಸರೆಲ್ಲ ಹೆಣೆಯುವ ಚಿತ್ತಾರ. ಆದರೆ ಹೆಬ್ಬೆರಳಿನ ತುದಿಯಲ್ಲಿ ಒಂದೇ ಒಂದು ಕೆಂಪು ಸುತ್ತು ಹಾಕುವವಳು ಊರಿಗೆಲ್ಲ ಒಬ್ಬಳೇ.

"ಇದು ನಾನು ಹೆಣೆದದ್ದು," ಎಂದಳು ಹಿಲ್ಯಾ.

"ಅದು ನಂಗೂ ಗೊತ್ತು. ಕಳಿಸಿದ್ದು ಯಾರು ಅಂತ ಕೇಳಿದ್ದು."

"ಮೆಲ್ಲಗೆ ಮಾತಾಡು. ಮಕ್ಕಳು ಏಳ್ತವೆ. ಒಳಗೆ ಬಾ."

ಒಲೆಯ ಮೇಲೆ ಕಾಫಿಯ ಕೆಟಲು ಏರಿತು. ಇಂಕೆರಿ ಕೋಟು ಬಿಚ್ಚದೆ ಮೇಜಿನ ಮುಂದೆ ಕುಳಿತಳು. ರಾತ್ರಿ ರೈಲಿನಲ್ಲಿ ಬಂದು, ಅಲ್ಲಿಂದ ಹಾಲಿನ ಲಾರಿ ಹತ್ತಿ, ಕೊನೆಯ ದಾರಿಯನ್ನು ನಡೆದೇ ಬಂದಿದ್ದಳು. ಆದರೂ ಅವಳ ಸೊಂಟ ಬಾಗಿರಲಿಲ್ಲ, ಕೆನ್ನೆ ಜೋತಿರಲಿಲ್ಲ. ಕೆಟಲಿನ ಹೊಟ್ಟೆಯಲ್ಲಿ ತನ್ನ ಮುಖದ ಪ್ರತಿಬಿಂಬ ಕಂಡು ಹಿಲ್ಯಾ ಅದನ್ನು ಆಚೆಗೆ ತಿರುಗಿಸಿಟ್ಟಳು.

"ಹೋದ ವಾರದ ಹಿಂದಿನ ವಾರ ಇಬ್ಬರು ಗಂಡಸರು ನನ್ನ ಮನೆಗೆ ಬಂದ್ರು," ಎಂದಳು ಇಂಕೆರಿ. "ತಾಂಪೆರೆ ಸಭೆಯವರು. ಕರೀ ಕೋಟು, ಕೈಯಲ್ಲಿ ಟೋಪಿ. ಬಾಗಿಲು ತೆಗೆದ ಕೂಡ್ಲೇ 'ದೇವರ ಸಮಾಧಾನ' ಅಂದ್ರು. ನಾನು 'ಶುಭದಿನ' ಅಂದ್ಬಿಟ್ಟೆ."

"ಪೆದ್ದಿ."

"ಪೆದ್ದೀನೇ. ಇಲ್ಲಿಗೆ ಬರುವಾಗ ಬಸ್ಸಿಳಿಯೋ ಮುಂಚೆ ಬಾಯಲ್ಲಿ ಅಭ್ಯಾಸ ಮಾಡ್ಕೊಂಡು ಇಳೀತಿದ್ದೆ. ನನ್ನ ಮನೆ ಬಾಗಿಲಲ್ಲೇ ಪರೀಕ್ಷೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಆ ಕ್ರೈಸ್ತ ಸಭೆಗೆ ಸದಸ್ಯರ ಪಟ್ಟಿ ಎಂಬುದಿಲ್ಲ. ಎದುರಾದಾಗ 'ದೇವರ ಸಮಾಧಾನ' ಎಂದವರು ವಿಶ್ವಾಸಿಗಳು. ಅದೇ ಮಾತಿನಿಂದ ಉತ್ತರಿಸಿದವರೂ ವಿಶ್ವಾಸಿಗಳು. ಹೊರಗಿನ ಲೋಕಕ್ಕೆ 'ಶುಭದಿನ' ಸಾಕು. ಊರು ಬಿಡುವವರನ್ನು ಹಳೆಯ ಸಭೆ ಪ್ರಾರ್ಥಿಸಿ ಕಳಿಸಿಕೊಡುತ್ತದೆ. ಹೊಸ ಊರಿನ ಸಭೆ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತದೆ. ಐದು ವರ್ಷಗಳ ಹಿಂದೆ ದಾದಿಯ ಕೆಲಸ ಸಿಕ್ಕಿ ತಾಂಪೆರೆ ಪಟ್ಟಣಕ್ಕೆ ಹೊರಟ ಇಂಕೆರಿ ಒಂದು ಬಾಗಿಲಿನಿಂದ ಹೊರಬಿದ್ದಳು, ಇನ್ನೊಂದನ್ನು ತಟ್ಟಲಿಲ್ಲ. ಅವಳು ತಾಂಪೆರೆಯವರ ಪಾಲಾದಳೆಂದು ಹಾಪಸಾಲ್ಮಿ ತಿಳಿದಿತ್ತು. ಅಂಥವಳೊಬ್ಬಳು ಇದ್ದಾಳೆಂಬುದೇ ತಾಂಪೆರೆಗೆ ತಿಳಿದಿರಲಿಲ್ಲ. ಎರಡು ಸಭೆಗಳ ನಡುವಿನ ಆ ಸಂದಿನಲ್ಲಿ ಅವಳು ಯಾರ ಮನಸ್ಸನ್ನೂ ಮುರಿಯದೆ, ಯಾರೊಡನೆಯೂ ಜಗಳವಾಡದೆ ತಣ್ಣಗೆ ಬದುಕಿದ್ದಳು.

ತಿಳಿದಿದ್ದವಳು ಹಿಲ್ಯಾ ಒಬ್ಬಳೇ. ತಂಗಿಗೆ ಕರುಳಿನ ಶಸ್ತ್ರಚಿಕಿತ್ಸೆಯಾದಾಗ ಆರೈಕೆಗೆಂದು ತಾಂಪೆರೆಗೆ ಹೋಗಿದ್ದಳು. ಸಭೆ ಒಪ್ಪದ ಟೀವಿಯನ್ನು ಕಸೂತಿಯ ಬಟ್ಟೆ ಹೊದಿಸಿ ಮರೆಮಾಡಿದ್ದುದನ್ನು ಕಂಡಾಗ ಅವಳಿಗೆ ಆಘಾತವೇನೂ ಆಗಲಿಲ್ಲ. ಅವಳನ್ನು ತಡೆದು ನಿಲ್ಲಿಸಿದ್ದು ಬಚ್ಚಲಮನೆ. ಕನ್ನಡಿಯ ಕೆಳಗಿನ ಗಾಜಿನ ಲೋಟದಲ್ಲಿ ಒಂದೇ ಒಂದು ಹಲ್ಲುಜ್ಜುವ ಬ್ರಷ್ ನಿಂತಿತ್ತು. ಏಳು ಮಕ್ಕಳ ತಾಯಿಯಾದ ಹಿಲ್ಯಾ ಬಾಗಿಲಿಗೆ ಚಿಲಕ ಹಾಕಿಕೊಂಡು, ಆ ಒಂಟಿ ಬ್ರಷ್ಷನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದಳು.

"ಆಮೇಲೆ?" ಎಂದು ಈಗ ಕೇಳಿದಳು.

"ಆಮೇಲೆ ಈ ಪೊಟ್ಟಣ ಕೊಟ್ರು. 'ಹಾಪಸಾಲ್ಮಿಯಿಂದ ನಿಮಗೆ ಸಮಾಧಾನ ಬಂದಿದೆ, ಮಾರ್ಚಿನಿಂದ ನಿಮ್ಮನ್ನ ಹುಡುಕ್ತಿದೀವಿ' ಅಂದ್ರು. ಚಳಿಗಾಲದಲ್ಲಿ ಅವರ ಹಿರಿಯ ಬೋಧಕರು ಇಲ್ಲಿಗೆ ಬಂದಿದ್ರಂತಲ್ಲ? ಹೊರಡುವಾಗ ಜಗಲಿಯ ನೂಕುನುಗ್ಗಲಲ್ಲಿ ಯಾರೋ ಅವರ ಕೈಗೆ ಇದನ್ನ ತುರುಕಿ, 'ನಮ್ಮ ದಾದಿ ಇಂಕೆರಿಗೆ ಕೊಡಿ' ಅಂದ್ರಂತೆ. ಮುದುಕರು ಮುಖ ನೋಡ್ಲಿಲ್ವಂತೆ. ಅಲ್ಲಿ ಸಭೆಯಲ್ಲಿ ವಿಚಾರಿಸಿದ್ರೆ ಇಂಕೆರಿ ಅನ್ನೋಳೇ ಇಲ್ಲ. ಕೊನೆಗೆ ಆಸ್ಪತ್ರೆಗಳನ್ನೆಲ್ಲ ಕೇಳ್ಕೊಂಡು ಬಂದಿದಾರೆ."

ಊರಿಂದೂರಿಗೆ ಹೋಗುವವರ ಕೈಯಲ್ಲಿ ಸಮಾಧಾನ ಕಳಿಸುವುದು, ಅದರ ಜೊತೆಗೊಂದು ಬನ್ನೋ ಕಾಲುಚೀಲವೋ ಇಡುವುದು ಅವರಲ್ಲಿ ಎಲ್ಲರೂ ಮಾಡುವ ಕೆಲಸ. ಅದರಷ್ಟು ನಿರಪಾಯದ ವಸ್ತು ಲೋಕದಲ್ಲಿ ಇನ್ನೊಂದಿರಲಿಲ್ಲ. ತಲುಪಬೇಕಾದ ವಿಳಾಸದಲ್ಲಿ ವಿಶ್ವಾಸಿಯೇ ಇಲ್ಲದಿದ್ದರೆ ಮಾತ್ರ ಅದು ದೂರಿನ ರೂಪದಲ್ಲಿ ಹಿಂದಿರುಗುತ್ತಿತ್ತು.

"ನೀಲೊಗೆ ಫೋನ್ ಮಾಡಿದಾರೆ," ಎಂದಳು ಇಂಕೆರಿ. ನೀಲೊ ಎಂದರೆ ಹಾಪಸಾಲ್ಮಿಯ ಬೋಧಕ. "ಈ ಭಾನುವಾರ ಪ್ರವಚನ ಮುಗಿದ ಮೇಲೆ ನನ್ನ ವಿಷಯ ಎತ್ತುತ್ತಾರೆ. ಅಮ್ಮ ಎಲ್ಲರ ಮುಂದೆ ಎದ್ದು ನಿಂತು, ಇನ್ಮೇಲೆ ಮಗಳಿಗೆ ಶುಭದಿನ ಮಾತ್ರ ಅಂತೀನಿ ಅಂತ ಒಪ್ಕೋಬೇಕು. ಒಪ್ಕೊಂಡ್ರೆ ಆ ಮನೇಲಿ ನಾನು ಅತಿಥಿನೂ ಅಲ್ಲ. ಅದಕ್ಕೆ ಮುಂಚೆ ನಾನೇ ಹೇಳ್ಬೇಕು ಅಂತ ಬಂದೆ. ಆದ್ರೆ ಮೊದ್ಲು ನಿನ್ನ ಮುಖ ನೋಡ್ಬೇಕಿತ್ತು. ಗೊತ್ತಿದ್ದದ್ದು ನಿಂಗೊಬ್ಳಿಗೇ. ಹೆಣೆದದ್ದೂ ನೀನೇ."

"ಆ ಜೊತೇನ ನಾನು ಶರತ್ಕಾಲದ ಹರಾಜಿಗೆ ಕೊಟ್ಟೆ. ಸಭೆಯ ಮನೇಲಿ ಪ್ರತಿ ವರ್ಷ ನಡೆಯುತ್ತಲ್ಲ, ಅದಕ್ಕೆ."

"ಯಾರು ಕೊಂಡ್ರು?"

"ನಾನು ಅಡುಗೆಮನೇಲಿ ಬನ್ ಕೊಯ್ತಿದ್ದೆ."

ಇಂಕೆರಿ ನಕ್ಕಳು. "ಚೆನ್ನಾಗಿದೆ ಅಕ್ಕ. ಇಡೀ ಊರು ನೋಡಿದ್ದನ್ನ ನೀನೊಬ್ಬಳು ನೋಡ್ಲಿಲ್ಲ."

ಆ ನಗುವಿಗೆ ಹಿಲ್ಯಾಳ ಮೈ ಉರಿಯಿತು. ಹುಟ್ಟಿದಾಗಿನಿಂದ ಈ ಹುಡುಗಿಯ ಪಾಲಿಗೆ ಬಂದದ್ದನ್ನೆಲ್ಲ ಅವಳು ಕಣ್ಣಲ್ಲೇ ಅಳೆಯುತ್ತ ಬಂದವಳು. ಅಮ್ಮನ ಮಡಿಲು, ಅಮ್ಮನ ನೀಲಿ ಬಟ್ಟಲು, ಸುರುಳಿ ಕೂದಲು, ಓದು. ಬೇಸಿಗೆಯ ಪ್ರಾರ್ಥನೆಗೆಂದು ಆಚೆ ದಡಕ್ಕೆ ಹೋಗಲು ಉರ್ಹೊ ಮೊದಲ ಸಲ ದೋಣಿ ತಂದು ನಿಲ್ಲಿಸಿದಾಗಲೂ ಅವನು ಕೂಗಿದ್ದು ಇಂಕೆರಿಯ ಹೆಸರನ್ನೇ. ಅವಳು ತಲೆನೋವೆಂದು ನಕ್ಕು ಅಕ್ಕನನ್ನು ಕಳಿಸಿದ್ದಳು. ಸಾಲದೆಂಬಂತೆ ಬಿಡುಗಡೆಯೂ ಅವಳಿಗೇ ದೊರೆಯಿತು. ಹೋದವಳು ಹೋಗಲಿ, ಪ್ರತಿ ಬೇಸಿಗೆ ತಿರುಗಿ ಬಂದು, ಅಮ್ಮನ ಬಾಯಿಂದ ದೇವರ ಸಮಾಧಾನವನ್ನೂ ಪಡೆದು, ನೀಲಿ ಬಟ್ಟಲಿನಲ್ಲಿ ಕಾಫಿಯನ್ನೂ ಕುಡಿದು ಹೋಗುತ್ತಿದ್ದಳು. ಒಂದೇ ಕೈಯಲ್ಲಿ ಎರಡು ಲೋಕ. ಹಿಲ್ಯಾ ಎಷ್ಟೋ ಭಾನುವಾರ ಬೆಂಚಿನಲ್ಲಿ ಕುಳಿತು, 'ಎದ್ದು ಹೇಳಿಬಿಡಲೇ?' ಎಂದುಕೊಂಡಿದ್ದಳು. ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡಿದ್ದಳು. ಹಾಗೆ ನುಂಗಿಕೊಂಡದ್ದೊಂದೇ ತಂಗಿಯೆದುರು ಅವಳಿಗಿದ್ದ ಹಿರಿತನ. ಅದನ್ನೂ ಈಗ ಯಾರೋ ಕಸಿದಿದ್ದರು, ಅದೂ ಅವಳದೇ ಕೈಗವಸಿನಿಂದ.

"ಹೇಳ್ಬೇಕು ಅಂತ ಸಾವಿರ ಸಲ ಅನ್ಸಿದೆ ಕಣೇ," ಎಂದಳು. "ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಹೇಳಿಲ್ಲ. ಅದನ್ನ ಮಾತ್ರ ನನ್ನಿಂದ ಕಿತ್ಕೋಬೇಡ."

ಇಂಕೆರಿಯ ಮುಖ ಸ್ವಲ್ಪ ಸಡಿಲವಾಯಿತು. "ಭಾವಂಗೆ?"

"ಉಸಿರು ಬಿಟ್ಟಿಲ್ಲ. ಅವನ ಲೆಕ್ಕದಲ್ಲಿ ನೀನು ಇವತ್ತಿಗೂ ತಾಂಪೆರೆಯ ಮೊದಲ ಬೆಂಚಿನ ಭಕ್ತೆ."

"ಮತ್ತೆ ಇನ್ಯಾರು?"

ಹಿಲ್ಯಾ ಕೈಗವಸನ್ನು ತಿರುಗಿಸಿ ನೋಡಿದಳು. ಒಮ್ಮೆಯೂ ತೊಟ್ಟ ಗುರುತಿಲ್ಲ. ಥಟ್ಟನೆ ಒಂದು ಮುಖ ಕಣ್ಣಮುಂದೆ ಬಂತು. ರಾಕೆಲ್, ನೀಲೊನ ಹೆಂಡತಿ, ಶಾಲೆಯಲ್ಲಿ ಹಿಲ್ಯಾಳ ಪಕ್ಕದಲ್ಲೇ ಕುಳಿತಿದ್ದವಳು. ತಾಂಪೆರೆಯ ಹಿರಿಯ ಬೋಧಕರು ಉಳಿದುಕೊಂಡದ್ದು ಅವಳ ಮನೆಯಲ್ಲೇ. ಹರಾಜಿನ ಮಾರನೆಯ ದಿನದಿಂದ ಚಳಿಗಾಲ ಪೂರ್ತಿ ಅವಳು ಹಿಲ್ಯಾಳನ್ನು ಕಂಡಾಗಲೆಲ್ಲ ತುಟಿ ಓರೆ ಮಾಡಿ, 'ನಿನ್ನ ಕೈಗವಸಿಗೆ ಈಗ ಭಾರೀ ಬೆಲೆ ಕಣಮ್ಮ' ಎನ್ನುತ್ತಿದ್ದಳು. ಹಿಲ್ಯಾ ಅದನ್ನು ಬರಿಯ ಕುಟುಕು ಎಂದುಕೊಂಡಿದ್ದಳು.

"ರಾಕೆಲ್," ಎಂದಳು. "ಕೊಂಡದ್ದು ಅವಳೇ. ಹೇಗೋ ವಾಸನೆ ಹಿಡಿದು, ನಿನ್ನ ಹೆಸರಿಗೆ ಬಲೆ ಬೀಸಿದಾಳೆ. ಅವಳ ಬಾಯಲ್ಲೇ ಹೇಳಿಸ್ತೀನಿ ನೋಡ್ತಿರು."

ಉರ್ಹೊ ಬಂದಾಗ ಮಕ್ಕಳು ಎದ್ದು ಗಂಜಿಯ ತಟ್ಟೆಗಳ ಸುತ್ತ ಗಲಾಟೆ ಎಬ್ಬಿಸಿದ್ದವು. ಕೈಯಲ್ಲಿ ಮೀನಿನ ಬಕೆಟ್ಟು, ಮೊಣಕಾಲಿನವರೆಗೆ ಒದ್ದೆ. ಮಾತಿಗಿಂತ ಮೌನಕ್ಕೆ ಹೆಸರಾದ ಮನುಷ್ಯ. ನಾದಿನಿಯನ್ನು ಕಂಡು ಹೊಸ್ತಿಲಲ್ಲೇ ನಿಂತ.

"ದೇವರ ಸಮಾಧಾನ, ಇಂಕೆರಿ."

"ಚೆನ್ನಾಗಿದೀಯಾ ಭಾವ?" ಎಂದಳು ಅವಳು, ಉತ್ತರ ಕೊಡಬೇಕಾದ ಕಡೆ.

ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಬಕೆಟ್ಟು ಕೆಳಗಿಟ್ಟು, ಅಂಗೈಯನ್ನು ಷರಾಯಿಗೆ ಒರೆಸಿಕೊಳ್ಳುತ್ತ ಕೇಳಿದ: "ಈ ಸಲ ಅಲ್ಲಿ ಚಳಿ ಜಾಸ್ತಿ ಇತ್ತಂತೆ. ನಿನ್ನ ಕೈ ಒಡೆಯೋದು ನಿಂತಿತಾ?"

ಹಿಲ್ಯಾ ಚಮಚ ಹಿಡಿದ ಕೈಯನ್ನು ತಡೆದಳು. ಚಿಕ್ಕಂದಿನಲ್ಲಿ ಇಂಕೆರಿಯ ಬೆರಳುಗಳು ಚಳಿಗೆ ಬಿರಿದು ರಕ್ತ ಬರುತ್ತಿದ್ದುದು ನಿಜ. ಹಿಲ್ಯಾಳ ಕೈಗಳೂ ಕೊಟ್ಟಿಗೆಯ ನೀರಿನಲ್ಲಿ ವರ್ಷ ವರ್ಷ ಬಿರಿಯುತ್ತಿದ್ದವು. ಮದುವೆಯಾದ ಮೇಲೆ ಒಂದು ಬಾರಿಯಾದರೂ ಅವುಗಳ ಯೋಗಕ್ಷೇಮವನ್ನು ಯಾರೂ ಕೇಳಿರಲಿಲ್ಲ.

"ನಿಂತಿದೆ," ಎಂದಳು ಇಂಕೆರಿ ನಿಧಾನವಾಗಿ. ಅವಳ ಕಣ್ಣು ಉರ್ಹೊನ ಮುಖದ ಮೇಲೆ ನೆಟ್ಟಿತ್ತು.

"ಚಳಿ ಕೇಳೋಕೆ ಮುಂಚೆ ಸುದ್ದಿ ಕೇಳು," ಎಂದಳು ಹಿಲ್ಯಾ ಖಾರವಾಗಿ. "ನಿನ್ನ ನಾದಿನಿ ಸಭೆ ಬಿಟ್ಟು ಐದು ವರ್ಷ ಆಯ್ತಂತೆ. ಯಾರೋ ಪುಣ್ಯಾತ್ಮರು ಹಿಡಿದುಕೊಟ್ಟಿದಾರೆ. ಭಾನುವಾರ ವಿಚಾರಣೆ."

ಉರ್ಹೊ ಮೇಜಿನತ್ತ ಬಂದ. ಹಿಲ್ಯಾ ಅವನಿಗೆಂದು ಕಾಫಿ ಸುರಿದಳು. ಅವನ ಕೈ ಲೋಟದವರೆಗೆ ಹೋಗಿ ಅಲ್ಲೇ ನಿಂತಿತು. ಲೋಟದ ಪಕ್ಕದಲ್ಲಿ ಕೈಗವಸುಗಳಿದ್ದವು. ಆಮೇಲೆ ಅವನು ಟೋಪಿ ಹಾಕಿಕೊಂಡ.

"ಹಸುಗಳು ಕಾಯ್ತಿವೆ," ಎಂದು ಹೊರಟುಹೋದ.

ಬಿಸಿ ಕಾಫಿಯನ್ನು ಹಾಗೆ ಬಿಟ್ಟುಹೋಗುವ ಗಂಡಸು ಆ ಸೀಮೆಯಲ್ಲೇ ಇರಲಿಲ್ಲ. ದಾರಿ ತಪ್ಪಿದವಳೊಂದಿಗೆ ಒಂದೇ ಮೇಜಿಗೆ ಕೂರಲು ಅವನಿಗೆ ಹೇಸಿಗೆಯಾಗಿರಬೇಕೆಂದು ಹಿಲ್ಯಾ ಭಾವಿಸಿದಳು. ಅವಳಿಗೆ ಒಳಗೊಳಗೇ ಸಣ್ಣದೊಂದು ಸುಖವೂ ಆಯಿತು. ಇಂಕೆರಿ ಮಾತ್ರ ಬಾಗಿಲನ್ನೇ ನೋಡುತ್ತಿದ್ದಳು.

ತಾಯಿ ಲೆಂಪಿ ಅದೇ ಅಂಗಳದ ಇನ್ನೊಂದು ತುದಿಯ ಚಿಕ್ಕ ಮನೆಯಲ್ಲಿದ್ದಳು. ಅಕ್ಕತಂಗಿಯರು ಅಂಗಳ ದಾಟುವಾಗಲೇ ಏಲಕ್ಕಿ ಬನ್ನಿನ ಪರಿಮಳ ಬಂತು. ಮುದುಕಿ ಬಾಗಿಲಿಗೇ ಬಂದು ಎರಡೂ ಕೈ ಚಾಚಿದಳು. ಹಿಲ್ಯಾಳತ್ತ ಚಾಚಿದ್ದಲ್ಲ.

"ಬಂದ್ಯಾ ನನ್ನ ಚಿನ್ನ! ದೇವರ ಸಮಾಧಾನ!"

ಈಗ ಇಂಕೆರಿ ಒಂದು ಮಾತು ಹೇಳಿದರೆ ಸಾಕಿತ್ತು, ಭಾನುವಾರದವರೆಗಾದರೂ ಎಲ್ಲ ಮೊದಲಿನಂತೆ ಉಳಿಯುತ್ತಿತ್ತು. ಬಸ್ಸಿಳಿಯುವ ಮೊದಲು ಅಭ್ಯಾಸ ಮಾಡಿಕೊಳ್ಳುತ್ತಿದ್ದ ಅದೇ ಮಾತು.

"ಶುಭದಿನ, ಅಮ್ಮ," ಎಂದಳು ಇಂಕೆರಿ.

ಲೆಂಪಿಯ ಕೈಗಳು ಗಾಳಿಯಲ್ಲಿ ನಿಂತವು. ಅವಳ ದೃಷ್ಟಿ ಮಗಳ ಮುಖದಿಂದ ವಿಶ್ವಾಸಿ ಹೆಂಗಸರು ತೊಡದ ಕಿವಿಯ ಚುಕ್ಕಿಗಳಿಗೆ, ಅಲ್ಲಿಂದ ಮತ್ತೆ ಮುಖಕ್ಕೆ ಹೋಯಿತು.

"ಯಾವತ್ತಿಂದ?"

"ತಾಂಪೆರೆಗೆ ಹೋದಾಗಿಂದ. ಅಲ್ಲಿ ಸಭೆಗೆ ಹೋಗ್ಲೇ ಇಲ್ಲ ಅಮ್ಮ. ಹೇಳಿದ್ರೆ ನಿನ್ನ ಎದೆ ಒಡೆಯುತ್ತೆ ಅಂತ ಹೇಳ್ಲಿಲ್ಲ."

"ಅಂದ್ರೆ ಪ್ರತಿ ಬೇಸಿಗೆ ನೀನು ಅಲ್ಲಿಂದ ತರ್ತಿದ್ದ ಸಮಾಧಾನ..."

"ಸುಳ್ಳು."

ಮುದುಕಿ ಹೊಸ್ತಿಲು ಹಿಡಿದು ನಿಂತಳು. ಒಲೆಯ ಮೇಲೆ ಏನೋ ಉಕ್ಕಿ ಚುಂಯ್ ಎಂದಿತು. ಅವಳು ಒಳಗೆ ಹೋಗಿ ಅದನ್ನಿಳಿಸಿದಳು. ಇಬ್ಬರು ಹೆಣ್ಣುಮಕ್ಕಳೂ ಹೊರಗೇ ನಿಂತರು. ಕರೆಯಿಲ್ಲದೆ ಒಳಹೋಗುವ ಧೈರ್ಯ ಇಂಕೆರಿಗಿರಲಿಲ್ಲ; ಅವಳನ್ನು ಬಿಟ್ಟು ತಾನೊಬ್ಬಳೇ ಒಳಹೋಗಿ ಗೆಲ್ಲುವ ಆಸೆ ಹಿಲ್ಯಾಳಿಗಿತ್ತು, ಆದರೆ ಕಾಲೇಳಲಿಲ್ಲ.

"ಬಾಗಿಲಲ್ಲಿ ನಿಂತು ನೊಣ ಒಳಗೆ ಬಿಡ್ತಿದೀರಾ ಇಬ್ಬರೂ," ಎಂಬ ಧ್ವನಿ ಬಂತು. "ಕೂತ್ಕೊಳ್ಳಿ."

ಮೇಜಿನ ಮೇಲೆ ನೀಲಿ ಬಟ್ಟಲು ಇಂಕೆರಿಯ ಮುಂದಿತ್ತು. ಹಿಲ್ಯಾಳಿಗೆ ಎಂದಿನ ಕಂಚುಬಣ್ಣದ, ಅಂಚು ಚಕ್ಕೆಯೆದ್ದ ಲೋಟ.

"ಅಮ್ಮ, ಭಾನುವಾರ ನೀಲೊ ನಿನ್ನ ಎದ್ದು ನಿಲ್ಲಿಸಿ ಕೇಳ್ತಾರೆ," ಎಂದಳು ಇಂಕೆರಿ.

"ಕೇಳ್ಲಿ. ಎದ್ದು ನಿಲ್ಲೋಕೆ ನನ್ನ ಮಂಡಿ ಬರಲ್ಲ ಅಂತ ಅವನಿಗೆ ಗೊತ್ತು." ಮುದುಕಿ ಕಣ್ಣನ್ನು ಏಪ್ರನ್ನಿನ ತುದಿಯಿಂದ ಒತ್ತಿಕೊಂಡಳು. "ನೀನು ಏನು ಉತ್ತರ ಕೊಡ್ತೀಯೋ ಅದು ನಿನ್ನ ಪಾಡು. ನಾನು ಹುಟ್ಟಿದ ಮಗೂಗೆ ಏನು ಹೇಳ್ತಿದ್ನೋ ಅದನ್ನೇ ಹೇಳೋದು. ಈ ವಯಸ್ಸಿಗೆ ಹೊಸ ಮಾತು ಕಲಿಯಕ್ಕಾಗಲ್ಲ ನಂಗೆ. ಬನ್ ತಗೋ, ಆರ್ತಿದೆ."

ಇಂಕೆರಿ ನೀಲಿ ಬಟ್ಟಲಿಗೆ ಮುಖವಿಟ್ಟು ಅತ್ತಳು. ಹಿಲ್ಯಾ ತನ್ನ ಲೋಟದ ಚಕ್ಕೆಯೆದ್ದ ಅಂಚಿಗೆ ತುಟಿ ತಾಗದಂತೆ ತಿರುಗಿಸಿಕೊಂಡು ಕುಡಿದಳು. ಒಂದು ಭಾನುವಾರವನ್ನೂ ತಪ್ಪಿಸದೆ, ಒಂದು ಸಮಾಧಾನವನ್ನೂ ಸಾಲ ಉಳಿಸಿಕೊಳ್ಳದೆ ಬದುಕಿದವಳು ತಾನು. ಆ ಬಟ್ಟಲಿಗೆ ಇನ್ನೇನು ಬೆಲೆ ಕೊಡಬೇಕಿತ್ತು? ಐದು ವರ್ಷ ಮುಚ್ಚಿಟ್ಟು ಕಾದ ಸಿಡಿಮದ್ದು ಸಿಡಿದು, ಅದರಿಂದ ತಂಗಿಯ ಪಾಲಿಗೆ ಬಂದದ್ದು ಇನ್ನೊಂದು ಬನ್ನು.

ಮಧ್ಯಾಹ್ನದ ಬಸ್ಸಿಗೆ ಹಿಲ್ಯಾ ತಂಗಿಯನ್ನು ಕಳಿಸಲು ಹೋದಳು. ಭಾನುವಾರಕ್ಕೆ ನಿಲ್ಲುವ ಅಗತ್ಯ ಇಂಕೆರಿಗೆ ಉಳಿದಿರಲಿಲ್ಲ. ಹೇಳಬೇಕಾದವಳಿಗೆ ಹೇಳಿಯಾಗಿತ್ತು.

"ನಾನು ಈಗಲೇ ರಾಕೆಲ್ ಹತ್ರ ಹೋಗ್ತೀನಿ," ಎಂದಳು ಹಿಲ್ಯಾ. "ಅವಳ ಮುಖವಾಡ ಕಳಚ್ತೀನಿ."

ಇಂಕೆರಿ ರಸ್ತೆಯ ತಿರುವನ್ನೇ ನೋಡುತ್ತಿದ್ದಳು. "ಬಿಡು ಅಕ್ಕ. ಹುಡುಕ್ಬೇಡ."

"ಬೆಳಗಿನ ಜಾವ ಬಾಗಿಲು ಬಡಿದು ನನ್ನ ಚಾಡಿಕೋರಿ ಅಂದೋಳು ನೀನು!"

"ತಪ್ಪಾಯ್ತು. ಕಾಲಿಗೆ ಬೀಳ್ಲಾ ಬೇಕಿದ್ರೆ?" ಅವಳು ಅಕ್ಕನ ತೋಳು ಹಿಡಿದಳು. "ಕಳಿಸಿದೋರಿಗೆ ನಾನು ಬಿಟ್ಟಿದ್ದು ಗೊತ್ತಿರ್ಲಿಲ್ಲ ಅನ್ಸುತ್ತೆ. ಹಿಡಿದುಕೊಡೋಕಲ್ಲ, ಬರೀ ಸಮಾಧಾನ ಕಳಿಸಿದಾರೆ. ಅಷ್ಟೇ."

"ಬೆಳಿಗ್ಗೆ ಇಲ್ಲದ ಬುದ್ಧಿ ಈಗ ಎಲ್ಲಿಂದ ಬಂತು?"

"ಬಸ್ ಬಂತು," ಎಂದಳು ಇಂಕೆರಿ.

ಹತ್ತುವ ಮೊದಲು ಅವಳು ಕೈಗವಸುಗಳನ್ನು ಅಕ್ಕನ ಕೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿದಳು. "ಇದು ನಿನ್ನದು. ನೀನೇ ಹಾಕ್ಕೋ. ನಿನ್ನ ಕೈ ನೋಡು, ಹೇಗಾಗಿದೆ." ಬಾಗಿಲು ಮುಚ್ಚುವಾಗ ಅವಳ ಮುಖದಲ್ಲಿದ್ದದ್ದು ಕನಿಕರವೆಂದು ಹಿಲ್ಯಾಳಿಗೆ ತಿಳಿಯಿತು. ತಂಗಿಯಲ್ಲಿ ಬೇರೆ ಯಾವುದನ್ನಾದರೂ ಅವಳು ಕ್ಷಮಿಸುತ್ತಿದ್ದಳು, ಅದನ್ನಲ್ಲ. ದಾರಿ ಬದಲಿಸದೆ ನೇರವಾಗಿ ಸರೋವರದ ಕಡೆ ನಡೆದಳು.

ರಾಕೆಲ್ ದಡದ ಮರದ ಅಟ್ಟಣೆಯ ಮೇಲೆ ಮಂಡಿಯೂರಿ ಚಿಂದಿಗಂಬಳಿಗಳನ್ನು ತಿಕ್ಕುತ್ತಿದ್ದಳು. ಪೈನ್ ಸೋಪಿನ ನೊರೆ ನೀರಿನ ಮೇಲೆ ತೇಲಿ ಹೋಗುತ್ತಿತ್ತು. ದೂರದಲ್ಲಿ, ಆಚೆ ದಡದ ಜೊಂಡಿನ ಬಳಿ, ಒಂದು ದೋಣಿ ಹುಟ್ಟುಗಳನ್ನು ಒಳಗೆಳೆದುಕೊಂಡು ಸುಮ್ಮನೆ ನಿಂತಿತ್ತು.

"ದೇವರ ಸಮಾಧಾನ," ಎಂದಳು ರಾಕೆಲ್ ತಲೆಯೆತ್ತದೆ.

"ದೇವರ ಸಮಾಧಾನ. ಇದು ನೆನಪಿದೆಯಾ?"

ಹಿಲ್ಯಾ ಕೈಗವಸುಗಳನ್ನು ಅಟ್ಟಣೆಯ ಮೇಲೆ ಎಸೆದಳು. ರಾಕೆಲ್ ಅವುಗಳನ್ನು ನೋಡಿ, ಬ್ರಷ್ಷನ್ನು ನೊರೆಯಲ್ಲಿ ಅದ್ದಿ, ಮೊದಲಿಗಿಂತ ಜೋರಾಗಿ ತಿಕ್ಕಿದಳು.

"ನೆನಪಿಲ್ದೆ ಏನು? ಈಗ ತಂದು ತೋರಿಸ್ತಿದೀಯಾ, ಚಳಿ ಹೋದ ಮೇಲೆ? ಹಾಕ್ಕೊಂಡು ಮೆರೀಬಹುದಿತ್ತು ಜನವರಿಯಲ್ಲಿ."

"ನಾಟಕ ಬೇಡ ರಾಕೆಲ್. ಹರಾಜಲ್ಲಿ ಇದನ್ನ ಕೂಗಿದ್ದು ನೀನೇ ಅಲ್ವಾ?"

"ಕೂಗಿದೆ. ಹೌದು, ಕೂಗಿದೆ! ನನ್ನ ಬೆರಳ ಗಂಟು ನೋವು ನಿಂಗೂ ಗೊತ್ತು. ನಿನ್ನಷ್ಟು ಬಿಗಿಯಾಗಿ ಹೆಣೆಯೋರು ಯಾರೂ ಇಲ್ಲ ಅಂತ ಕೂಗಿದೆ. ಹತ್ತು ಮಾರ್ಕಿನ ಮಾಲು. ಇಪ್ಪತ್ತು ಅಂದೆ, ಮೂವತ್ತು ಅಂತ ಬಂತು. ನಲವತ್ತು ಅಂದೆ, ಹಿಂದಿನ ಬೆಂಚಿಂದ ಅರವತ್ತು! ಅರವತ್ತು ಮಾರ್ಕು, ಒಂದು ಜೊತೆ ಕೈಗವಸಿಗೆ! ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನೀಲೊ ಕೂಡ ನಕ್ಕ, ವೇದಿಕೆ ಮೇಲೆ."

ಹಿಲ್ಯಾ ಬಾಗಿ ಕೈಗವಸನ್ನು ಎತ್ತಿಕೊಂಡಳು. ಹೆಬ್ಬೆರಳಿನ ಕೆಂಪು ಸುತ್ತು ಒದ್ದೆಯಾಗಿತ್ತು. "ಹಾಗಾದ್ರೆ ಕೊಂಡದ್ದು ನೀನಲ್ಲ?"

"ಉಪ್ಪು ಸುರೀಬೇಡ ಕಣೇ ಗಾಯಕ್ಕೆ. ಚಳಿಗಾಲ ಪೂರ್ತಿ ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರೀತು ಅಂತ ನಿಂಗೇನು ಗೊತ್ತು? ಇಷ್ಟು ವರ್ಷ ಸಂಸಾರ ಮಾಡಿದೀನಿ. ನನ್ನ ಕೈಯಿಂದ ಆದದ್ದನ್ನ ನಮ್ಮನೆಯವರು ಒಂದು ಸಲ ತಿರುಗಿ ನೋಡಿಲ್ಲ. ಆವತ್ತು ರಾತ್ರಿ ನಾನು ನೀಲೊ ಜೊತೆ ಮಾತಾಡ್ಲಿಲ್ಲ. ಅಷ್ಟು ಮಾತಿಲ್ಲದ ಮನುಷ್ಯ, ಕಿವಿ ಕೆಂಪಗೆ ಮಾಡ್ಕೊಂಡು, ಜನ ನಕ್ರೂ ಬಿಡದೆ ಕೂಗ್ತಾ ಇದ್ನಲ್ಲ! ಎಲ್ರ ಕಣ್ಣೂ ಅಡುಗೆಮನೆ ಬಾಗಿಲ ಮೇಲೆ. ನೀನು ಬಂದು ನೋಡ್ಬೇಕಿತ್ತು, ನೋಡ್ಲಿಲ್ಲ. ಅದಕ್ಕೇ ಅಂತಿದ್ದೆ, ನಿನ್ನ ಕೈಗವಸಿಗೆ ಬೆಲೆ ಬಂತು ಅಂತ."

ಆಚೆ ದಡದ ದೋಣಿ ಇನ್ನೂ ಕದಲಿರಲಿಲ್ಲ. 'ನಿನ್ನ ಕೈ ಒಡೆಯೋದು ನಿಂತಿತಾ?' ಎಂಬ ಮಾತು ಎಲ್ಲಿಂದಲೋ ಬಂದು ಹಿಲ್ಯಾಳ ಕಿವಿಯಲ್ಲಿ ನಿಂತಿತು. ಅದನ್ನು ಕೊಡವಿಕೊಳ್ಳುವವಳಂತೆ ಅವಳು ತಲೆ ಆಡಿಸಿದಳು.

"ಹೆಸರು ಹೇಳು, ರಾಕೆಲ್."

"ಏನು ಹೆಸರು? ತಂದುಕೊಟ್ಟವನ ಹೆಸರು ನನ್ನ ಬಾಯಿಂದ ಕೇಳಿ ಖುಷಿ ಪಡ್ಬೇಕಾ?"

"ನಂಗೆ ಯಾರೂ ತಂದುಕೊಡಲಿಲ್ಲ," ಎಂದಳು ಹಿಲ್ಯಾ.

ರಾಕೆಲ್‌ಳ ಬ್ರಷ್ಷು ನಿಂತಿತು. ಅವಳು ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. ಕೈಗವಸನ್ನು, ಬಸ್ಸಿನ ಧೂಳು ಇನ್ನೂ ಅಡಗಿರದ ರಸ್ತೆಯನ್ನು, ಕೊನೆಗೆ ಹಿಲ್ಯಾಳ ಮುಖವನ್ನು. ಚಳಿಗಾಲವಿಡೀ ಆ ಕಣ್ಣುಗಳಲ್ಲಿದ್ದ ಕಿಚ್ಚು ನೋಡನೋಡುತ್ತಲೇ ಆರಿತು. ಅದರ ಜಾಗಕ್ಕೆ ಬಂದದ್ದನ್ನು ಹಿಲ್ಯಾ ಒಂದು ಗಳಿಗೆಯ ಹಿಂದೆ ಬಸ್ಸಿನ ಬಾಗಿಲಲ್ಲಿ ಕಂಡಿದ್ದಳು.

"ಯಾರು?" ಎಂದಳು ಹಿಲ್ಯಾ.

"ಉರ್ಹೊ ಕಣೇ. ನಿನ್ನ ಉರ್ಹೊ."